ಹೆತ್ತ ತಾಯಿ, ಸಾಕಿದ ತಾಯಿ: ಬಸವನಗುಡಿಯ ಒಂದು ವಂಶವೃಕ್ಷದ ತಿದ್ದುಪಡಿ

ಬಸವನಗುಡಿಯಲ್ಲಿ ನಾಲ್ಕು ತಲೆಮಾರಿನಿಂದ ನೆಲೆಸಿರುವ ಕುಟುಂಬವೊಂದರ ವಂಶವೃಕ್ಷದಲ್ಲಿ, ಮೂವರು ಮಕ್ಕಳ ಹೆತ್ತ ತಾಯಿಯ ಸ್ಥಾನದಲ್ಲಿ ಅವರ ಮಲತಾಯಿಯ ಹೆಸರು ಹಲವು ವರ್ಷ ಉಳಿದುಕೊಂಡಿತ್ತು. ಆ ತಪ್ಪು ಹೇಗೆ ಹುಟ್ಟಿತು, ಏಕೆ ಯಾರ ಕಣ್ಣಿಗೂ ಬೀಳಲಿಲ್ಲ, ಅದನ್ನು ಸರಿಪಡಿಸಲು ಹೋಗಿ ಇನ್ನೆರಡು ತಪ್ಪುಗಳು ಹೇಗೆ ಸೇರಿಕೊಂಡವು, ಕೊನೆಗೆ ಯಾವ ಕ್ರಮದಲ್ಲಿ ಎಲ್ಲವನ್ನೂ ತಿದ್ದಲಾಯಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಕುಟುಂಬದ ಹಿರಿಯ ಶಾಖೆಯವರ ಕೋರಿಕೆಯಂತೆ ಕಡತವನ್ನು ಪರಿಶೀಲಿಸಿದ್ದು ನಾನು. ಅವರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಹೆಸರುಗಳನ್ನು ಬಿಟ್ಟು ಸಂಬಂಧಗಳಿಂದಲೇ ಎಲ್ಲರನ್ನೂ ಗುರುತಿಸಿದ್ದೇನೆ.

ಕುಟುಂಬದ ಯಜಮಾನರು 1900ರಲ್ಲಿ ಹುಟ್ಟಿದವರು, ಮೈಸೂರು ಸಂಸ್ಥಾನದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. 1910ರಲ್ಲಿ ಹುಟ್ಟಿದ ಮೊದಲ ಪತ್ನಿಯಿಂದ ಅವರಿಗೆ ಮೂವರು ಮಕ್ಕಳು: 1929ರ ಸುಮಾರಿಗೆ ಹಿರಿಯ ಮಗಳು, 1933ರಲ್ಲಿ ಹಿರಿಯ ಮಗ, 1938ರ ಕೊನೆಯಲ್ಲಿ ಎರಡನೆಯ ಮಗ. ಎರಡನೆಯ ಮಗ ಹುಟ್ಟಿದ ತಿಂಗಳೊಪ್ಪತ್ತಿನಲ್ಲಿ ಬಾಣಂತಿ ತೀರಿಕೊಂಡರು. ತಬ್ಬಲಿ ಮಕ್ಕಳನ್ನು ನೋಡಿಕೊಳ್ಳಲು ಹೊರಗಿನಿಂದ ಹೆಣ್ಣು ತರುವುದಕ್ಕಿಂತ ಅವರ ಚಿಕ್ಕಮ್ಮನೇ ಬರುವುದು ಮೇಲೆಂದು ಹಿರಿಯರು ತೀರ್ಮಾನಿಸಿ, ತೀರಿಕೊಂಡವರ ಒಡಹುಟ್ಟಿದ ತಂಗಿಯನ್ನೇ ಯಜಮಾನರಿಗೆ ತಂದುಕೊಂಡರು. ಆ ಕಾಲದ ಅನೇಕ ಮನೆಗಳಲ್ಲಿ ನಡೆದಿರುವ ಏರ್ಪಾಟು ಇದು. ಎರಡನೆಯ ಪತ್ನಿಗೆ 1942ರಲ್ಲಿ ಮಗಳು, 1946ರಲ್ಲಿ ಮಗ ಹುಟ್ಟಿದರು. ಐದು ಮಕ್ಕಳೂ ಅವರನ್ನು ಅಮ್ಮನೆಂದೇ ಕರೆದರು, ಐವರ ಮಕ್ಕಳೂ ಅವರನ್ನು ಅಜ್ಜಿಯೆಂದೇ ಕರೆದರು.

ತಪ್ಪಿನ ಮೂಲ ಇರುವುದು ಈ ಪ್ರೀತಿಯಲ್ಲೇ. ಮೂರನೆಯ ತಲೆಮಾರಿನ ಮೊಮ್ಮಗನೊಬ್ಬರು ಗ್ರಾಂಪ್ಸ್ ಎಂಬ ಉಚಿತ ಮುಕ್ತ ತಂತ್ರಾಂಶದಲ್ಲಿ ವಂಶವೃಕ್ಷ ಕಟ್ಟಲು ಹೊರಟಾಗ ಮನೆಮನೆಗೆ ಹೋಗಿ, ನಿಮ್ಮ ತಂದೆ ಯಾರು, ತಾಯಿ ಯಾರು ಎಂದು ಕೇಳಿ ಬರೆದುಕೊಂಡರು. ಐವರ ಮನೆಯಲ್ಲೂ ಬಂದ ಉತ್ತರ ಒಂದೇ. ಯಜಮಾನರಿಗೆ ಮೊದಲೊಂದು ಮದುವೆಯಾಗಿತ್ತೆಂಬುದು ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಮೊದಲ ಪತ್ನಿಯ ಹೆಸರೂ ಕಡತಕ್ಕೆ ಬಂತು; ಆದರೆ ಮಕ್ಕಳಿಲ್ಲದ ದಾಂಪತ್ಯವಾಗಿ ಬಂತು. ಐದು ಮಕ್ಕಳೂ ಎರಡನೆಯ ದಾಂಪತ್ಯದ ಕೆಳಗೆ, ತಂದೆ ತಾಯಿ ಇಬ್ಬರ ಕಡೆಗೂ ಜನ್ಮಸಂಬಂಧದವರಾಗಿ ಕುಳಿತರು.

ತಂತ್ರಾಂಶ ಸುಮ್ಮನಿರಲಿಲ್ಲ. ದತ್ತಾಂಶದ ಸತ್ಯಾಸತ್ಯತೆಯನ್ನು ಪರೀಕ್ಷಿಸುವ ಸಲಕರಣೆಯೊಂದು ಗ್ರಾಂಪ್ಸ್‌ನಲ್ಲಿದೆ. ವಯಸ್ಸು ಮತ್ತು ತಾರೀಖುಗಳನ್ನು ಒಂದಕ್ಕೊಂದು ಹೋಲಿಸಿ ಅದು ಅಸಂಗತಿಗಳನ್ನು ತೋರಿಸುತ್ತದೆ. 1920ರಲ್ಲಿ ಹುಟ್ಟಿದ ತಾಯಿಗೆ 1929ರಲ್ಲಿ ಮಗಳು ಹುಟ್ಟಿದ್ದಾಳೆ, 1933ರಲ್ಲಿ ಮಗ ಹುಟ್ಟಿದ್ದಾನೆ ಎಂದು ಅದು ಎಚ್ಚರಿಸಿತು. ಮೂವರು ಮಕ್ಕಳು ತಂದೆತಾಯಿಯ ಮದುವೆಗೆ ಮೊದಲೇ ಹುಟ್ಟಿದಂತೆಯೂ ಕಡತದಲ್ಲಿ ಕಾಣುತ್ತಿತ್ತು. ಆಗ ಕೇಳಬೇಕಾಗಿದ್ದ ಪ್ರಶ್ನೆ, ಈಕೆ ಇವರ ತಾಯಿ ಹೌದೇ ಎಂಬುದು. ಅದನ್ನು ಬಿಟ್ಟು, ಹಳೆಯ ಕಾಲದ ತಾರೀಖುಗಳು ತಪ್ಪಿರಬೇಕೆಂದು ಊಹಿಸಿ, ಎರಡನೆಯ ಪತ್ನಿಯ ಜನ್ಮವರ್ಷವನ್ನು 1911ಕ್ಕೂ ಮದುವೆಯನ್ನು 1928ಕ್ಕೂ ಯಾರೋ ಹಿಂದೆ ತಳ್ಳಿದರು. ಎಚ್ಚರಿಕೆಗಳು ಮಾಯವಾದವು. ಎಚ್ಚರಿಕೆ ಬಾರದ ಹಾಗೆ ತಾರೀಖನ್ನು ಬದಲಿಸುವುದು ವಂಶಾವಳಿಯ ಕೆಲಸದಲ್ಲಿ ಅತ್ಯಂತ ಹಾನಿಕರವಾದ ಅಭ್ಯಾಸವೆಂದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಸರಿಯಾಗಿದ್ದ ಸಾಕ್ಷ್ಯವೇ ಅಲ್ಲಿ ನಾಶವಾಗುತ್ತದೆ.

ಮುಂದಿನ ಹಾನಿ ಇದರ ನೇರ ಫಲ. ಈ ಕಡತದ ಪ್ರತಿಯೊಂದು ಕಿರಿಯ ಶಾಖೆಯವರ ಕೈಗೆ ಹೋಗಿ ಬೇರೊಂದು ತಂತ್ರಾಂಶದಲ್ಲಿ ತೆರೆದುಕೊಂಡಿತು. ಅಲ್ಲಿ ಎರಡು ಬಾರಿ ನಮೂದಾದ ವ್ಯಕ್ತಿಗಳನ್ನು ಹುಡುಕುವ ಸೌಲಭ್ಯಕ್ಕೆ ಕಂಡದ್ದು ಇಷ್ಟು: ಒಬ್ಬಾಕೆ 1910ರವರು, ಇನ್ನೊಬ್ಬಾಕೆ 1911ರವರು, ಇಬ್ಬರಿಗೂ ಅದೇ ತಂದೆ, ಅದೇ ತಾಯಿ, ಅದೇ ಗಂಡ. ಒಬ್ಬರೇ ಇರಬಹುದೆಂದು ಅದು ಸೂಚಿಸಿತು, ಕಿರಿಯ ಶಾಖೆಯವರು ಒಪ್ಪಿಕೊಂಡರು. ಹೀಗೆ ಅಕ್ಕತಂಗಿಯರಿಬ್ಬರು ಒಂದೇ ದಾಖಲೆಯಾಗಿ ಬೆಸೆದುಹೋದರು. ಇಪ್ಪತ್ತೆಂಟರ ವಯಸ್ಸಿನಲ್ಲಿ ಬಾಣಂತಿಯಾಗಿ ತೀರಿಕೊಂಡ ಒಬ್ಬ ಹೆಣ್ಣುಮಗಳು ತನ್ನ ಮಕ್ಕಳ ವಂಶವೃಕ್ಷದಿಂದಲೇ ಅಳಿಸಿಹೋದರು.

ಇಷ್ಟಾದರೂ ಯಾರೂ ಗಮನಿಸದಿದ್ದುದಕ್ಕೆ ಕಾರಣವಿದೆ. ಸಾಮಾನ್ಯವಾಗಿ ಮಲತಾಯಿಯನ್ನು ಹೆತ್ತ ತಾಯಿಯೆಂದು ನಮೂದಿಸಿದರೆ, ಅದರ ಮೇಲಿನ ಇಡೀ ತಾಯಿಯ ಕಡೆಯ ವಂಶವೇ ಬೇರೆಯವರದಾಗಿ ಬಿಡುತ್ತದೆ. ಸೋದರಮಾವನ ಹೆಸರೇ ತಪ್ಪಾಗಿ ಬಂದಾಗ ಮನೆಯ ಹಿರಿಯರಲ್ಲಿ ಯಾರಾದರೂ ತಕ್ಷಣ ಹಿಡಿಯುತ್ತಾರೆ. ಇಲ್ಲಿ ಇಬ್ಬರು ತಾಯಂದಿರೂ ಒಂದೇ ಮನೆಯ ಮಕ್ಕಳಾದ್ದರಿಂದ ಅಜ್ಜ, ಅಜ್ಜಿ, ಸೋದರಮಾವ, ತಾಯಿಯ ತವರೂರು ಎಲ್ಲವೂ ಸರಿಯಾಗಿಯೇ ಇದ್ದವು. ತಪ್ಪಾಗಿದ್ದುದು ಒಂದೇ ಒಂದು ಚೌಕ.

ಪ್ರಕರಣ ನನ್ನ ಬಳಿಗೆ ಬಂದದ್ದು ಊರಿನ ಜಮೀನಿನ ಪೌತಿ ಖಾತೆಯ, ಅಂದರೆ ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರಿಗೆ ಬದಲಿಸುವ ಕೆಲಸದ, ಕಾರಣದಿಂದ. ನಾಡಕಚೇರಿಗೆ ಕೊಡಬೇಕಾದ ವಂಶವೃಕ್ಷವನ್ನು ಸಿದ್ಧಪಡಿಸುವಾಗ ಎರಡು ಶಾಖೆಗಳ ಮುದ್ರಿತ ಪ್ರತಿಗಳು ಹೊಂದಲಿಲ್ಲ. ಒಂದರಲ್ಲಿ ಇಬ್ಬರು ಪತ್ನಿಯರು, ಇನ್ನೊಂದರಲ್ಲಿ ಒಬ್ಬರೇ. ತಂತ್ರಾಂಶದಿಂದ ತೆಗೆದ ಮುದ್ರಣಕ್ಕೆ ತಾನಾಗಿ ಯಾವ ಕಾನೂನಿನ ಬೆಲೆಯೂ ಇಲ್ಲ, ನಿಜ. ಆದರೆ ಪ್ರಮಾಣಪತ್ರ ಬರೆಸುವಾಗ ಜನ ಅದನ್ನೇ ನೋಡಿಕೊಂಡು ಹೆಸರುಗಳನ್ನು ಹೇಳುತ್ತಾರೆ. ಯಜಮಾನರ ಆಸ್ತಿಯ ಮಟ್ಟಿಗೆ ಇದರಿಂದ ಮಕ್ಕಳ ಹಕ್ಕಿನಲ್ಲಿ ವ್ಯತ್ಯಾಸವಾಗದು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಡಿ ಐವರೂ ಅವರ ಮಕ್ಕಳೇ. ಎರಡನೆಯ ಪತ್ನಿಯ ಸ್ವಂತ ಆಸ್ತಿಯ ಮಾತು ಬೇರೆ. ತವರಿನಿಂದ ಬಂದ ಹಣದಲ್ಲಿ ಅವರು ಜಯನಗರದಲ್ಲಿ ಕೊಂಡ ನಿವೇಶನವೊಂದಿತ್ತು, 1991ರಲ್ಲಿ ಅವರು ಉಯಿಲು ಬರೆಯದೆ ತೀರಿಕೊಂಡಿದ್ದರು. ಅದೇ ಅಧಿನಿಯಮದ 15ನೇ ಪ್ರಕರಣದಲ್ಲಿ ಹೆಂಗಸಿನ ಆಸ್ತಿಗೆ ಮೊದಲ ವಾರಸುದಾರರಾಗಿ ಹೇಳಿರುವ ‘ಪುತ್ರರು ಮತ್ತು ಪುತ್ರಿಯರು’ ಎಂಬುದರಲ್ಲಿ ಮಲಮಕ್ಕಳು ಸೇರುವುದಿಲ್ಲ, ಅವರು ಗಂಡನ ವಾರಸುದಾರರೆಂಬ ನಂತರದ ವರ್ಗದಲ್ಲಷ್ಟೇ ಬರುತ್ತಾರೆ ಎಂದು ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ಲಛ್‌ಮನ್ ಸಿಂಗ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಈ ಕುಟುಂಬದಲ್ಲಿ ಐವರೂ ಮಾತನಾಡಿಕೊಂಡು ನಿವೇಶನದ ವಿಷಯವನ್ನು ಬಗೆಹರಿಸಿಕೊಂಡಿದ್ದರು. ಹಾಗಿದ್ದರೂ, ಯಾರು ಯಾರ ಮಕ್ಕಳೆಂಬುದನ್ನು ತಪ್ಪಾಗಿ ಬರೆದ ಕಾಗದ ಕಚೇರಿಯ ಕಡತಕ್ಕೆ ಸೇರಬಾರದೆಂದು ಎರಡೂ ಶಾಖೆಯವರು ಬಯಸಿದ್ದು ವಿವೇಕದ ನಡೆ.

ತಿದ್ದುವ ಮೊದಲು ಆಧಾರಗಳು ಬೇಕಿದ್ದವು. ಮಕ್ಕಳ ಶಾಲಾ ಪ್ರಮಾಣಪತ್ರಗಳಲ್ಲಿ ತಂದೆಯ ಹೆಸರಷ್ಟೇ ಇದ್ದು, ತಾಯಿಯ ವಿಷಯದಲ್ಲಿ ಅವು ಉಪಯೋಗಕ್ಕೆ ಬರಲಿಲ್ಲ. ನಿರ್ಣಾಯಕವಾದದ್ದು ಹಿರಿಯ ಮಗ ತಮ್ಮ ಕೈಬರಹದಲ್ಲಿ ಬರೆದಿಟ್ಟಿದ್ದ ತರ್ಪಣದ ಪುಸ್ತಕ. ಪಕ್ಷಮಾಸದಲ್ಲಿ ಸರ್ವಪಿತೃಗಳಿಗೆ ಕೊಡುವ ತರ್ಪಣದ ಕ್ರಮದಲ್ಲಿ ತಾಯಿಗೆ ಒಂದು ಸ್ಥಾನವಿದ್ದರೆ, ಸಾಪತ್ನಮಾತೃ, ಅಂದರೆ ತಂದೆಯ ಇನ್ನೊಬ್ಬ ಪತ್ನಿಗೆ ಪ್ರತ್ಯೇಕ ಸ್ಥಾನವಿದೆ. ಹಿರಿಯ ಮಗ ಮಾತೃಸ್ಥಾನದಲ್ಲಿ ಮೊದಲ ಪತ್ನಿಯ ಹೆಸರನ್ನೂ ಸಾಪತ್ನಮಾತೃವಿನ ಸ್ಥಾನದಲ್ಲಿ ಎರಡನೆಯ ಪತ್ನಿಯ ಹೆಸರನ್ನೂ ಸ್ಪಷ್ಟವಾಗಿ ಬರೆದಿದ್ದರು. ಜೀವನಪೂರ್ತಿ ಅಮ್ಮನೆಂದು ಕರೆದವರನ್ನು ಬಿಡದೆ, ಹೆತ್ತವರನ್ನೂ ಮರೆಯದೆ, ಇಬ್ಬರಿಗೂ ಅವರವರ ಜಾಗ ಕೊಟ್ಟಿದ್ದ ಆ ಪುಟಕ್ಕಿಂತ ಮೇಲಾದ ಆಧಾರವನ್ನು ನಾನು ಕೇಳಲಾರೆ. ವಂಶವೃಕ್ಷದ ತಂತ್ರಾಂಶದಲ್ಲಿ ನಾವು ಮಾಡಬೇಕಾಗಿದ್ದುದೂ ಅಷ್ಟೇ.

ಅದೇ ಪುಸ್ತಕದಲ್ಲಿ ಮೊದಲ ಪತ್ನಿಯ ಶ್ರಾದ್ಧದ ತಿಥಿ ಪುಷ್ಯ ಬಹುಳ ಪಕ್ಷದಲ್ಲಿದೆಯೆಂದೂ, ತೀರಿಕೊಂಡದ್ದು ಬಹುಧಾನ್ಯ ಸಂವತ್ಸರವೆಂದೂ ಇತ್ತು. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಬಹುಧಾನ್ಯವು 1938–39 ಆಗಬಹುದು ಅಥವಾ 1998–99 ಆಗಬಹುದು. ಇಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಆದರೆ ಮನೆಯವರು ‘1938ರಲ್ಲಿ ಹೋದರು’ ಎಂದು ಹೇಳುತ್ತಿದ್ದುದು ಮಾತ್ರ ಸರಿಯಲ್ಲ. ಸಂವತ್ಸರ ಆರಂಭವಾಗುವುದು ಯುಗಾದಿಗೆ. ಆ ವರ್ಷದ ಪುಷ್ಯ ಬಹುಳ ಬಂದದ್ದು 1939ರ ಜನವರಿಯಲ್ಲಿ. ಎರಡನೆಯ ಮಗನ ಜಾತಕದಲ್ಲಿ ಬಹುಧಾನ್ಯದ ಮಾರ್ಗಶಿರ ಮಾಸವೆಂದಿದ್ದುದು 1938ರ ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನ ಅವಧಿಗೆ ಹೊಂದುತ್ತದೆ. ಎರಡನೆಯ ಮದುವೆಯ ಲಗ್ನಪತ್ರಿಕೆ ಪ್ರಮಾಥಿ ಸಂವತ್ಸರದ ಫಾಲ್ಗುಣ ಶುದ್ಧವೆಂದು ಹೇಳುತ್ತದೆ, ಅದು 1940ರ ಮಾರ್ಚ್. ಎರಡನೆಯ ಪತ್ನಿಯ ಜಾತಕದಲ್ಲಿದ್ದ ರೌದ್ರಿ ಸಂವತ್ಸರ 1920–21. ಹೀಗೆ, ಹಿಂದೆ ತಳ್ಳಿದ್ದ 1911 ಮತ್ತು 1928 ಎರಡೂ ಆಧಾರವಿಲ್ಲದ ವರ್ಷಗಳೆಂದು ತೀರ್ಮಾನವಾಯಿತು. ಜನವರಿಯಿಂದ ಯುಗಾದಿಯವರೆಗಿನ ದಿನಗಳಲ್ಲಿ ಸಂವತ್ಸರವನ್ನು ಇಸವಿಗೆ ತಿರುಗಿಸುವಾಗ ಒಂದು ವರ್ಷ ತಪ್ಪುವುದು ಬಹಳ ಸಾಮಾನ್ಯ. ಆದ್ದರಿಂದ ಇಂಥ ಪ್ರತಿಯೊಂದು ತಾರೀಖಿನ ಜೊತೆಗೂ ಮೂಲದ ಸಂವತ್ಸರ, ಮಾಸ, ಪಕ್ಷಗಳನ್ನು ಟಿಪ್ಪಣಿಯಲ್ಲಿ ಹಾಗೆಯೇ ಉಳಿಸಿಕೊಂಡೆವು.

ಇನ್ನು ತಿದ್ದುಪಡಿ. ವಂಶವೃಕ್ಷದ ಬಹುತೇಕ ತಂತ್ರಾಂಶಗಳಲ್ಲಿ ವ್ಯಕ್ತಿ ಒಂದು ದಾಖಲೆ, ದಂಪತಿ ಸೇರಿದ ಕುಟುಂಬ ಇನ್ನೊಂದು ದಾಖಲೆ. ಮಗು ಕುಟುಂಬಕ್ಕೆ ಒಂದು ಕೊಂಡಿಯ ಮೂಲಕ ಸೇರುತ್ತದೆ. ಗ್ರಾಂಪ್ಸ್‌ನಲ್ಲಿ ಆ ಕೊಂಡಿಗೆ ಎರಡು ಗುಣಗಳಿವೆ: ತಂದೆಯೊಡನೆ ಸಂಬಂಧ ಏನು, ತಾಯಿಯೊಡನೆ ಸಂಬಂಧ ಏನು. ಜನ್ಮ, ದತ್ತು, ಮಲಮಗು, ಪೋಷಣೆ ಮುಂತಾದವುಗಳಲ್ಲಿ ಒಂದನ್ನು ಪ್ರತಿಯೊಬ್ಬರ ಮಟ್ಟಿಗೂ ಬೇರೆಬೇರೆಯಾಗಿ ಆರಿಸಬಹುದು. ಹಾಗಾಗಿ ಬದಲಾಗಬೇಕಾದದ್ದು ಕೊಂಡಿ. ವ್ಯಕ್ತಿಯ ದಾಖಲೆಯನ್ನು ಮುಟ್ಟುವ ಅಗತ್ಯವೇ ಇಲ್ಲ. ತಪ್ಪಾದ ಮಗುವನ್ನು ಅಳಿಸಿ ಹೊಸದಾಗಿ ಸೇರಿಸುವವರಿದ್ದಾರೆ. ಹಾಗೆ ಅಳಿಸಿದಾಗ ಆ ವ್ಯಕ್ತಿಗೆ ಅಂಟಿಕೊಂಡಿದ್ದ ಮದುವೆ, ಮಕ್ಕಳ ಕೊಂಡಿಗಳು, ಟಿಪ್ಪಣಿಗಳು, ಆಧಾರಗಳೆಲ್ಲ ಕಳಚಿಹೋಗುತ್ತವೆ. ಮನೆಯ ಕಡತವನ್ನು ಮುಟ್ಟುವ ಮುಂಚೆ ಖಾಲಿ ಕಡತವೊಂದರಲ್ಲಿ ಪಾಂಡವರ ಕುಟುಂಬವನ್ನು ಕಟ್ಟಿ ನೋಡಲು ಹೇಳಿದೆ. ನಕುಲ ಸಹದೇವರನ್ನು ಹೆತ್ತ ಮಾದ್ರಿ, ಅವರನ್ನು ಬೆಳೆಸಿದ ಕುಂತಿ, ಕುಂತಿ ಹೆತ್ತು ರಾಧೆ ಸಾಕಿದ ಕರ್ಣ, ಐವರಿಗೂ ತಂದೆಯೆನಿಸಿ ಯಾರಿಗೂ ಜನ್ಮಕೊಡದ ಪಾಂಡು, ಇಷ್ಟನ್ನು ಸರಿಯಾಗಿ ನಮೂದಿಸಲು ಬಂದರೆ ಈ ತಂತ್ರಾಂಶದ ಸಂಬಂಧಗಳ ವಿಭಾಗದಲ್ಲಿ ತಿಳಿಯಬೇಕಾದದ್ದು ಹೆಚ್ಚೇನೂ ಉಳಿಯುವುದಿಲ್ಲ.

ಕಿರಿಯ ಶಾಖೆಯ ಪ್ರತಿಯಲ್ಲಿ ಬೆಸೆದುಹೋಗಿದ್ದ ದಾಖಲೆಯನ್ನು ಬಿಡಿಸುವ ಪ್ರಯತ್ನ ಮಾಡಲಿಲ್ಲ. ಇಬ್ಬರ ಘಟನೆಗಳೂ ಬೆರೆತ ಮೇಲೆ ಯಾವುದು ಯಾರದೆಂದು ವಿಂಗಡಿಸುವುದಕ್ಕಿಂತ, ಇಬ್ಬರೂ ಬೇರೆಬೇರೆಯಾಗಿದ್ದ ಹಿರಿಯ ಶಾಖೆಯ ಕಡತವನ್ನೇ ಮೂಲವಾಗಿ ಇಟ್ಟುಕೊಳ್ಳುವುದು ಕ್ಷೇಮ. ಅದರ ಪೂರ್ಣ ಪ್ರತಿಯನ್ನು ಬೇರೆ ಕಡೆ ಉಳಿಸಿದ ನಂತರ, ಎರಡನೆಯ ಪತ್ನಿಯ ಜನ್ಮವರ್ಷ ಮತ್ತು ಮದುವೆಯ ತಾರೀಖನ್ನು ಮೊದಲು ಸರಿಪಡಿಸಿದೆವು. ಉದ್ದೇಶಪೂರ್ವಕವಾಗಿಯೇ ಈ ಕ್ರಮವನ್ನು ಹಿಡಿದದ್ದು: ಹಳೆಯ ಎಚ್ಚರಿಕೆಗಳು ಮತ್ತೆ ಕಾಣಿಸಿಕೊಳ್ಳಬೇಕಿತ್ತು, ಕೊಂಡಿಗಳನ್ನು ತಿದ್ದಿದಂತೆ ಅವು ತಾವಾಗಿ ಹೋಗಬೇಕಿತ್ತು. ಆಮೇಲೆ ಯಜಮಾನರು ಮತ್ತು ಮೊದಲ ಪತ್ನಿಯ ಕುಟುಂಬದ ದಾಖಲೆಯನ್ನು ತೆರೆದು, ಈಗಾಗಲೇ ಇರುವ ವ್ಯಕ್ತಿಗಳನ್ನು ಆರಿಸಿ ಸೇರಿಸುವ ಗುಂಡಿಯಿಂದ ಮೂವರನ್ನೂ ಅಲ್ಲಿಗೆ ಸೇರಿಸಿ, ಇಬ್ಬರ ಕಡೆಗೂ ಜನ್ಮಸಂಬಂಧವೆಂದು ನಮೂದಿಸಿದೆವು.

ಹೆಚ್ಚು ಯೋಚಿಸಬೇಕಾದದ್ದು ಎರಡನೆಯ ಕುಟುಂಬದಲ್ಲಿದ್ದ ಹಳೆಯ ಕೊಂಡಿಗಳ ವಿಷಯದಲ್ಲಿ. ಮೂವರನ್ನೂ ಅಲ್ಲಿಂದ ತೆಗೆದುಬಿಡಬಹುದಿತ್ತು; ತಂದೆಯ ಪತ್ನಿ ಎಂಬ ಸಂಬಂಧ ಹೇಗೂ ವೃಕ್ಷದಿಂದಲೇ ತಿಳಿಯುತ್ತದೆ. ಮೂವರನ್ನೂ ಅಲ್ಲೇ ಉಳಿಸಿದರೆ ಸಂತತಿಯ ಪಟ್ಟಿಯಲ್ಲಿ ಒಬ್ಬರೇ ಎರಡು ಕಡೆ ಕಾಣಿಸಿಕೊಂಡು ಯಜಮಾನರಿಗೆ ಎಂಟು ಮಕ್ಕಳೆಂಬ ಭ್ರಮೆ ಹುಟ್ಟುವ ಅಪಾಯವಿದೆ. ನನ್ನ ನಿಲುವು ಇಷ್ಟು: ತಂದೆ ಮರುಮದುವೆಯಾದ ಮಾತ್ರಕ್ಕೆ ಮಲಸಂಬಂಧದ ಕೊಂಡಿ ಬೇಡ, ಆ ಮನೆಯಲ್ಲಿ, ಆ ತಾಯಿಯ ಕೈಯಲ್ಲಿ ಬೆಳೆದಿದ್ದರೆ ಖಂಡಿತ ಬೇಕು. ಹಿರಿಯ ಮಗಳು ತಾಯಿ ಹೋದ ಮೇಲೆ ಅಜ್ಜಿಯ ಮನೆಯಲ್ಲೇ ಬೆಳೆದು ಅಲ್ಲಿಂದಲೇ ಮದುವೆಯಾಗಿ ಹೋದವರು. ಅವರ ಕೊಂಡಿಯನ್ನು ತೆಗೆದೆವು. ಇಬ್ಬರು ಗಂಡುಮಕ್ಕಳು, ಅದರಲ್ಲೂ ಒಂದು ವರ್ಷ ಕಳೆದ ಕೂಸಾಗಿದ್ದ ಎರಡನೆಯ ಮಗ, ಪೂರ್ತಿಯಾಗಿ ಎರಡನೆಯ ಪತ್ನಿಯ ಮಡಿಲಲ್ಲೇ ಬೆಳೆದವರು. ಅವರ ಕೊಂಡಿಗಳನ್ನು ಉಳಿಸಿ, ತಂದೆಯ ಕಡೆಗೆ ಜನ್ಮ, ತಾಯಿಯ ಕಡೆಗೆ ಮಲಮಗು ಎಂದು ಬದಲಿಸಿದೆವು.

ಒಬ್ಬರಿಗೆ ಎರಡು ಪೋಷಕ ಕುಟುಂಬಗಳಿದ್ದಾಗ ಗ್ರಾಂಪ್ಸ್ ಪಟ್ಟಿಯಲ್ಲಿ ಮೊದಲು ಬರುವುದನ್ನು ಮುಖ್ಯವೆಂದು ತೆಗೆದುಕೊಂಡು ನಕ್ಷೆಗಳನ್ನು ಬಿಡಿಸುತ್ತದೆ. ಹಳೆಯ ಕೊಂಡಿ ಮೇಲೆಯೇ ಇದ್ದುದರಿಂದ, ಎಲ್ಲ ತಿದ್ದಿದ ಮೇಲೂ ನಕ್ಷೆಯಲ್ಲಿ ಎರಡನೆಯ ಪತ್ನಿಯೇ ತಾಯಿಯಾಗಿ ಬಂದರು. ಸಂಬಂಧಗಳ ಕ್ರಮ ಬದಲಿಸುವ ಕಿಟಕಿಯಲ್ಲಿ ಜನ್ಮಕುಟುಂಬವನ್ನು ಮೇಲಕ್ಕೆ ತಂದ ನಂತರವೇ ನಕ್ಷೆ ಸರಿಯಾಯಿತು. ತಿದ್ದುಪಡಿ ಫಲಿಸಲಿಲ್ಲವೆಂದು ಅನೇಕರು ಕೈಬಿಡುವುದು ಈ ಹಂತದಲ್ಲಿ.

ಈಗ ಎರಡನೆಯ ಮಗನಿಗೂ ಕಿರಿಯ ಮಗನಿಗೂ ಇರುವ ನಂಟು ಎರಡು ದಾರಿಗಳಲ್ಲಿ ಸರಿಯಾಗಿ ಕಾಣುತ್ತದೆ: ತಂದೆ ಒಬ್ಬರೇ ಆದ್ದರಿಂದ ಅರ್ಧರಕ್ತದ ಅಣ್ಣತಮ್ಮಂದಿರು, ತಾಯಂದಿರು ಅಕ್ಕತಂಗಿಯರಾದ್ದರಿಂದ ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳು. ವಿದೇಶದಲ್ಲಿರುವ ಮೊಮ್ಮಕ್ಕಳು ಡಿಎನ್‌ಎ ಪರೀಕ್ಷೆಯ ಮಾತೆತ್ತಿದ್ದರಿಂದ ಒಂದು ವಿವರವನ್ನು ಟಿಪ್ಪಣಿಯಲ್ಲಿ ಸೇರಿಸಿದೆವು. ಅರ್ಧರಕ್ತದ ಒಡಹುಟ್ಟಿದವರಲ್ಲಿ ಸರಾಸರಿ ಶೇ. 25, ಮೊದಲ ಸೋದರಸಂಬಂಧಿಗಳಲ್ಲಿ ಶೇ. 12.5 ಡಿಎನ್‌ಎ ಸಮಾನವಾಗಿರುತ್ತದೆ. ಇವರಲ್ಲಿ ಎರಡೂ ಕೂಡಿ ಸುಮಾರು ಶೇ. 37.5 ಆಗುತ್ತದೆ. ಕಾರಣ ತಿಳಿಯದವರಿಗೆ ಈ ಅಂಕಿ ಗೊಂದಲ ಹುಟ್ಟಿಸೀತು.

ಸರಿಯಾದ ಕಡತವನ್ನು ಕಿರಿಯ ಶಾಖೆಗೆ ತಲುಪಿಸುವಾಗ ಇನ್ನೊಂದು ತೊಡಕು ಎದುರಾಯಿತು. ವಂಶವೃಕ್ಷದ ತಂತ್ರಾಂಶಗಳು ಪರಸ್ಪರ ಮಾಹಿತಿ ಸಾಗಿಸುವುದು ಜೆಡ್‌ಕಾಮ್ ಎಂಬ ಪಠ್ಯರೂಪದ ಕಡತದಲ್ಲಿ. ಅಮೆರಿಕದ ಲ್ಯಾಟರ್ ಡೇ ಸೇಂಟ್ಸ್ ಚರ್ಚ್ 1980ರ ದಶಕದಲ್ಲಿ ರೂಪಿಸಿದ ಈ ಮಾನಕದ 5.5.1ನೇ ಆವೃತ್ತಿ ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿದೆ. ಅದರಲ್ಲಿ ಮಗುವಿನ ಸಂಬಂಧವನ್ನು ಹೇಳುವ ‘ಪೆಡಿ’ ಎಂಬ ಗುರುತಿಗೆ ಜನ್ಮ, ದತ್ತು, ಪೋಷಣೆ ಮತ್ತು ಆ ಚರ್ಚಿನ ಒಂದು ವಿಧಿಗೆ ಸಂಬಂಧಿಸಿದ ಆಯ್ಕೆ, ಇಷ್ಟೇ ಇವೆ. ಮಲಸಂಬಂಧಕ್ಕೆ ಆಯ್ಕೆಯೇ ಇಲ್ಲ. ಅಷ್ಟೇ ಅಲ್ಲ, ಆ ಗುರುತು ಇಡೀ ಕುಟುಂಬಕ್ಕೆ ಅನ್ವಯಿಸುತ್ತದೆಯೇ ಹೊರತು ತಂದೆಗೊಂದು ತಾಯಿಗೊಂದು ಎಂದು ಹೇಳಲು ಬರುವುದಿಲ್ಲ. ಈ ಕೊರತೆಯನ್ನು ತುಂಬಲು ಕೆಲವು ತಂತ್ರಾಂಶಗಳು ‘ಎಫ್‌ರೆಲ್’, ‘ಎಮ್‌ರೆಲ್’ ಎಂಬ ತಮ್ಮದೇ ಗುರುತುಗಳನ್ನು ಬಳಸುತ್ತವೆ, ಅವು ಮಾನಕದ ಭಾಗವಲ್ಲ. 2021ರಲ್ಲಿ ಬಂದ 7.0 ಆವೃತ್ತಿಯಲ್ಲಿ ‘ಇತರ’ ಎಂಬ ಆಯ್ಕೆಯನ್ನು ಕೊಟ್ಟು ವಿವರಣೆಯನ್ನು ಬರೆಯಲು ಅವಕಾಶವಿದೆ, ಆದರೆ ಅದನ್ನು ಓದುವ ತಂತ್ರಾಂಶ ಎದುರು ಕಡೆಯಲ್ಲೂ ಇರಬೇಕು. ನಿರೀಕ್ಷಿಸಿದಂತೆ ಕಿರಿಯ ಶಾಖೆಯ ತಂತ್ರಾಂಶದಲ್ಲಿ ಇಬ್ಬರು ಗಂಡುಮಕ್ಕಳೂ ಎರಡು ಕುಟುಂಬಗಳಲ್ಲೂ ಜನ್ಮಸಂಬಂಧದವರಾಗಿ ಇಳಿದರು. ಅವರ ಮನೆಯಲ್ಲೇ ಕುಳಿತು ಕೈಯಿಂದಲೇ ಸರಿಪಡಿಸಬೇಕಾಯಿತು. ಎರಡು ತಂತ್ರಾಂಶಗಳ ನಡುವೆ ಕಡತ ಸಾಗಿಸುವವರು ಮರುಮದುವೆಯಾದವರ ಮತ್ತು ದತ್ತು ಹೋದವರ ಪಟ್ಟಿಯೊಂದನ್ನು ಕಾಗದದ ಮೇಲೆ ಮೊದಲೇ ಬರೆದಿಟ್ಟುಕೊಂಡು, ಇಳಿಸಿಕೊಂಡ ನಂತರ ಒಬ್ಬೊಬ್ಬರನ್ನೇ ತಾಳೆ ನೋಡಬೇಕು.

ಎರಡನೆಯ ಪತ್ನಿಯ ಮಗಳು ಈಗ ಎಂಬತ್ತು ದಾಟಿದವರು. ತಿದ್ದಿದ ನಕ್ಷೆಯನ್ನು ಎರಡನೆಯ ಮಗನ ಮಗ ಅವರಿಗೆ ತೋರಿಸಿದಾಗ ಅವರು ನೊಂದುಕೊಂಡರು. “ನೋಡಪ್ಪಾ, ನಿಮ್ಮಪ್ಪನಿಗೆ ತುತ್ತು ಕೊಟ್ಟು ಬೆಳೆಸಿದ್ದು ನಮ್ಮಮ್ಮ. ಅವರನ್ನ ಮಲತಾಯಿ ಅಂತ ಬರೆದು ಗೋಡೆಗೆ ಹಾಕೋದು ನನಗೆ ಸರಿಕಾಣಲ್ಲ” ಎಂದರು. ಅದಕ್ಕೆ ಅವರು, “ಅತ್ತೆ, ಹಾಗೆ ಬರೆಯೋದು ಬೇಡ. ಆದರೆ ಹೆತ್ತಜ್ಜಿ ಒಬ್ಬರಿದ್ದರು ಅನ್ನೋದೂ ಮಕ್ಕಳಿಗೆ ಗೊತ್ತಿರಬೇಕಲ್ಲ” ಎಂದರು. ಇಬ್ಬರ ಮಾತೂ ನ್ಯಾಯವಾದದ್ದೇ. ಗ್ರಾಂಪ್ಸ್‌ನಲ್ಲಿ ಸಂಬಂಧದ ಹೆಸರನ್ನು ನಾವೇ ಬರೆದುಕೊಳ್ಳುವ ಅವಕಾಶವಿದೆ, ಆದರೆ ಹಾಗೆ ಬರೆದ ಹೆಸರು ಬೇರೆ ತಂತ್ರಾಂಶಗಳಿಗೆ ಅರ್ಥವಾಗುವುದಿಲ್ಲ. ಆದ್ದರಿಂದ ಕಡತದ ಒಳಗೆ ಮಲಸಂಬಂಧದ ನಮೂದನ್ನೇ ಉಳಿಸಿ, ಮುದ್ರಣಕ್ಕೆ ಸಿದ್ಧಪಡಿಸಿದ ಪುಟದಲ್ಲಿ ಮಾತ್ರ ‘ಹೆತ್ತ ತಾಯಿ’, ‘ಸಾಕಿದ ತಾಯಿ’ ಎಂದು ಬರೆದೆವು. ಅತ್ತೆಯವರು ಒಪ್ಪಿದರು, ಅಷ್ಟೇ ಅಲ್ಲದೆ ತಮ್ಮ ದೊಡ್ಡಮ್ಮನ ಒಂದೇ ಒಂದು ಭಾವಚಿತ್ರ ತಮ್ಮ ಬಳಿ ಇರುವುದಾಗಿ ಹೇಳಿ ಅದನ್ನು ಕೊಟ್ಟರು.

ಅದೇ ಕಡತದಲ್ಲಿ ಮಲತಂದೆಯ ಪ್ರಕರಣವೂ ಒಂದಿತ್ತು. ಒಬ್ಬ ಮೊಮ್ಮಗ ಮದುವೆಯಾದದ್ದು ವಿಚ್ಛೇದನ ಪಡೆದಿದ್ದ, ಒಬ್ಬ ಮಗಳಿದ್ದ ಮಹಿಳೆಯನ್ನು. ಆ ಮಗಳನ್ನು ಮೊಮ್ಮಗನ ಜನ್ಮಸಂತಾನವೆಂದೇ ನಮೂದಿಸಿದ್ದರು. ಕಾನೂನುಬದ್ಧ ದತ್ತು ನಡೆದಿಲ್ಲವಾದ್ದರಿಂದ ದತ್ತು ಎಂದು ಬದಲಿಸುವುದೂ ತಪ್ಪು. ತಂತ್ರಾಂಶದ ಮಟ್ಟಿಗೆ ಕೆಲಸ ಸುಲಭ: ತಾಯಿಯ ಕಡೆಗೆ ಜನ್ಮ, ತಂದೆಯ ಕಡೆಗೆ ಮಲಮಗು. ಆದರೆ ಇಲ್ಲಿ ಮಾತು ಜೀವಂತವಾಗಿರುವ, ಪ್ರಾಯಕ್ಕೆ ಬಂದ ಒಬ್ಬ ಹೆಣ್ಣುಮಗಳದು. ಅವಳನ್ನು ಕೇಳದೆ ಅವಳ ಜನ್ಮದಾತನ ಹೆಸರನ್ನು ಯಾವ ನಕ್ಷೆಯಲ್ಲೂ ಹಾಕಬಾರದೆಂದು ನಾನು ಪಟ್ಟುಹಿಡಿದೆ. ಕೇಳಿದಾಗ ಅವಳು, ಜನ್ಮದಾತನ ಹೆಸರು ಕಡತದಲ್ಲಿರಲಿ, ಹೊರಗೆ ಬರುವುದು ಬೇಡ ಎಂದಳು. ಆ ದಾಖಲೆಗೂ ಕೊಂಡಿಗೂ ಖಾಸಗಿ ಎಂಬ ಗುರುತು ಹಾಕಿ, ಕಡತವನ್ನು ಹೊರಗೆ ಕೊಡುವಾಗ ಖಾಸಗಿ ದಾಖಲೆಗಳನ್ನು ಬಿಡುವ ಆಯ್ಕೆಯನ್ನೇ ಬಳಸಬೇಕೆಂದು ಎರಡೂ ಶಾಖೆಯವರಿಗೆ ತಿಳಿಸಿದೆವು.

ಕೊನೆಗೆ ಪರೀಕ್ಷಕ ಸಲಕರಣೆಯನ್ನು ಮತ್ತೆ ನಡೆಸಿದಾಗ ಉಳಿದದ್ದು ಎರಡನೆಯ ಕುಟುಂಬದಲ್ಲಿ ಮಲಮಕ್ಕಳಾಗಿ ಉಳಿಸಿದ ಇಬ್ಬರು ಗಂಡುಮಕ್ಕಳ ಕುರಿತ ಎಚ್ಚರಿಕೆ ಮಾತ್ರ. ಅವರ ನಮೂದು ಸರಿಯೇ ಆದ್ದರಿಂದ ಕಾರಣವನ್ನು ಟಿಪ್ಪಣಿಯಲ್ಲಿ ಬರೆದು ಹಾಗೆಯೇ ಬಿಟ್ಟೆವು. ನಾಡಕಚೇರಿಗೆ ಸಲ್ಲಿಸುವ ವಂಶವೃಕ್ಷವನ್ನು ಎರಡೂ ಶಾಖೆಯವರು ಸೇರಿ, ಇಬ್ಬರು ಪತ್ನಿಯರನ್ನೂ ಅವರವರ ಮಕ್ಕಳೊಂದಿಗೆ ಪ್ರತ್ಯೇಕವಾಗಿ ತೋರಿಸಿ ಬರೆದಿದ್ದಾರೆ. ಹಿರಿಯ ಮಗಳ ಜಾತಕ ಮಾತ್ರ ಇನ್ನೂ ಸಿಕ್ಕಿಲ್ಲ; ಅದು ಅಜ್ಜಿಯ ಮನೆಯ ಕಡೆಯವರ ಬಳಿ ಇರಬಹುದೆಂದು ವಿಚಾರಿಸುತ್ತಿದ್ದಾರೆ, ಅಲ್ಲಿಯವರೆಗೆ ಅವರ ಜನ್ಮವರ್ಷ ಕಡತದಲ್ಲಿ ‘ಸುಮಾರು 1929’ ಎಂದೇ ಇರುತ್ತದೆ.